ಹಾವಿನ ದಿಬ್ಬವನ್ನು ತೋರಿಸಿದವನು

ಮರ್ವಿನ್ ಸ್ಟಿಕ್ಲಂಡನು ಮೂವತ್ತನಾಲ್ಕು ವರ್ಷಗಳ ಕಾಲ ಪರರ ಮಲವನ್ನು ಸಾಗಿಸಿ ಬದುಕಿದನು. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ನಮ್ಮ ಕ್ರಿಚ್‌ಫೋರ್ಡ್ ಗ್ರಾಮಕ್ಕೆ ಒಳಚರಂಡಿಯಿಲ್ಲ. ಮನೆಮನೆಯ ಹಿತ್ತಲಿನಲ್ಲಿಯೂ ಒಂದು ಗುಂಡಿ, ಅದರ ಮೇಲೊಂದು ಕಬ್ಬಿಣದ ಮುಚ್ಚಳ. ವರ್ಷಕ್ಕೊಮ್ಮೆ ಅವನ ಹಸಿರು ಟ್ಯಾಂಕರ್ ಬಂದು ನಿಲ್ಲುತ್ತಿತ್ತು. ಆನೆಯ ಸೊಂಡಿಲಿನಂಥ ಕೊಳವೆಯನ್ನು ಅವನು ಗುಂಡಿಯೊಳಗೆ ಇಳಿಬಿಡುವ ಹೊತ್ತಿಗೆ ಬೀದಿಯ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವು. ಕೆಲಸಕ್ಕೆ ಬಂದವನಿಗೆ ಚಹಾ ಕೊಡುವುದು ಈ ಕಡೆಯ ಮರ್ಯಾದೆ. ಚಹಾ ಅವನಿಗೂ ಬರುತ್ತಿತ್ತು. ಆದರೆ ಹಿಂಬಾಗಿಲಿನ ಗೂಡಿನಲ್ಲಿ ಅವನಿಗೆಂದೇ ಬೇರೆಯಾಗಿ ಇರಿಸಿದ್ದ ಬಟ್ಟಲಿನಲ್ಲಿ ಬರುತ್ತಿತ್ತು. ಕೆಲವು ಮನೆಗಳಲ್ಲಿ ಅದು ಸೀಳುಬಿಟ್ಟ ಬಟ್ಟಲು, ಪಾದ್ರಿಯ ಮನೆಯಲ್ಲಿ ಹಿಡಿ ಮುರಿದ ಬಟ್ಟಲು. ನಮ್ಮ ಮನೆಯಲ್ಲಿಯೂ ಮೊದಲ ಎರಡು ವರ್ಷ ಹಾಗೆಯೇ ನಡೆಯಿತು. ನೆರೆಹೊರೆಯವರ ಪದ್ಧತಿಯೆಂದು ನಾವೂ ಅನುಸರಿಸಿದೆವು. ಸಮುದ್ರ ದಾಟಿ ಬಂದರೂ ಈ ಪಾಪವು ನಮ್ಮ ಗಂಟಿನಲ್ಲಿಯೇ ಇದ್ದಿತೆಂಬುದನ್ನು ನೆನೆದರೆ ಇಂದಿಗೂ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಪಬ್ಬಿನಲ್ಲಿ ಅವನನ್ನು 'ಜೇನುಗಾಡಿ ಮರ್ವ್' ಎಂದು ಕರೆಯುತ್ತಿದ್ದರು; ಮಲದ ಬಂಡಿಗೆ ಈ ಕಡೆಯವರು ಕುಚೋದ್ಯಕ್ಕೆ ಇಟ್ಟ ಹೆಸರು ಜೇನುಗಾಡಿ. ಅವನು ಒಳಗೆ ಬಂದೊಡನೆ ಯಾರಾದರೊಬ್ಬರು ಮೂಗೆತ್ತಿ, "ಯಾರಪ್ಪಾ ಗುಲಾಬಿ ಹೂ ತಂದೋರು?" ಎನ್ನುತ್ತಿದ್ದರು. ಅವನು ನಕ್ಕು, "ನಿಮ್ಮನೇದೇ ಕಣಯ್ಯ, ವಾಪಸ್ ಕೊಡೋಣ ಅಂತ ಬಂದೆ" ಎನ್ನುತ್ತಿದ್ದನು. ಅವನಿಗೆ ಯಾವುದರ ಮೇಲೆಯೂ ಅಸಹ್ಯವಿರಲಿಲ್ಲ. ಜಗತ್ತಿನಲ್ಲಿ ಹೊಲಸೆಂಬುದು ಯಾವುದೂ ಇಲ್ಲ, ಇರಬೇಕಾದ ಎಡೆಯಲ್ಲಿ ಇರದ ವಸ್ತುವಿದೆ, ಅಷ್ಟೆ ಎಂಬುದು ಅವನ ತತ್ತ್ವ.

ಅವನ ಜೀವನದ ಇನ್ನೊಂದು ಭಾಗವು ವಸಂತಕಾಲಕ್ಕೆ ಸೇರಿದುದು. ಫೆಬ್ರವರಿಯ ಕೊನೆಯಲ್ಲಿ, ಹಿಮವಿನ್ನೂ ಹುಲ್ಲಿನ ಬುಡದಲ್ಲಿರುವಾಗಲೇ, ಊರಾಚೆಯ ಕುರುಚಲು ಬಯಲಿಗೆ ಅವನು ಹೊರಡುತ್ತಿದ್ದನು. ಅಲ್ಲಿ ಗಾರ್ಸ್ ಮುಳ್ಳುಪೊದೆಗಳು ಕವಿದ ಹಳೆಯದೊಂದು ಮಣ್ಣಿನ ದಿಬ್ಬವಿದೆ. ಅದರ ಬಿಲಗಳಲ್ಲಿ ಆಡರ್ ಹಾವುಗಳು ಚಳಿಗಾಲವನ್ನು ಕಳೆಯುತ್ತವೆ. ನಮ್ಮ ಮಂಡಲದ ಹಾವಿನ ಕುಲಕ್ಕೆ ಸೇರಿದ, ಬೆನ್ನುದ್ದಕ್ಕೂ ಅಂಕುಡೊಂಕಾದ ಕಪ್ಪು ಗೆರೆಯುಳ್ಳ ಈ ವಿಷಸರ್ಪವು ಮಾರುದ್ದಕ್ಕೆ ಬೆಳೆಯುವುದಿಲ್ಲ. ತಾನಾಗಿ ಯಾರ ತಂಟೆಗೂ ಬರುವುದಿಲ್ಲ. ಮೊದಲು ಗಂಡುಗಳು ಹೊರಬಂದು ಎಳೆಬಿಸಿಲಿಗೆ ಮೈಯೊಡ್ಡುತ್ತವೆ. ತಿಂಗಳು ಕಳೆದ ಮೇಲೆ ಹೆಣ್ಣುಗಳು. ಒಂದೊಂದರ ನೆತ್ತಿಯ ಮೇಲಿನ ಗುರುತೂ ಬೇರೆಬೇರೆ. ಮರ್ವಿನ್ ಆ ಗುರುತುಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಒಂದೊಂದು ಹಾವಿಗೂ ತಾನು ಗುಂಡಿ ಬರಿದುಮಾಡಿದ ಮನೆಯ ಹೆಸರಿಟ್ಟಿದ್ದನು. ಹಳೆಯ ಗಿರಣಿಯವನು, ಅಂಚೆಯವನು, ಬೆಟ್ಟದ ಬಂಗಲೆಯವಳು. ಎಲ್ಲರಿಗಿಂತ ಹಿರಿಯಳು 'ಪಾದ್ರಿಮನೆಯಮ್ಮ'. ಇಟ್ಟಿಗೆ ಬಣ್ಣದ ದಪ್ಪ ಹೆಣ್ಣು. ಹದಿನೆಂಟು ವಸಂತಗಳಿಂದ ಅವಳು ಅದೇ ಪೊದೆಯ ಬುಡದಲ್ಲಿ, ಅದೇ ಅಂಗೈಯಗಲದ ಪಾಚಿಯ ಮೇಲೆ ಸುರುಳಿಯಾಗುತ್ತಿದ್ದಳು. ಸೂರ್ಯನಿಗೆ ಮುಖಮಾಡಿ, ನೆರಳು ಹಾವಿನ ಮೇಲೆ ಬೀಳದಂತೆ, ನೆಲ ಅದುರದಂತೆ ನಡೆದುಹೋಗಿ, ಆರು ಹೆಜ್ಜೆ ದೂರದಲ್ಲಿ ನಿಂತು, ಎಣಿಸಿ, ಹಿಂದಿರುಗುವುದು ಅವನ ಕ್ರಮ. ಅದನ್ನು ನಿತ್ಯಪೂಜೆಯೆಂದು ನಾನು ಹೇಳಿದರೆ ಅವನು ಒಪ್ಪುತ್ತಿರಲಿಲ್ಲ. ಪೂಜೆಗೆ ಹೋಗುವವರಿಗಿಂತ ಹೆಚ್ಚು ಶುಚಿಯಾಗಿ ಹೋಗುತ್ತಿದ್ದನೆಂಬುದನ್ನಾದರೂ ಹೇಳಬಲ್ಲೆ.

ಅವನ ಹೆಂಡತಿ ಗ್ವೆಂಡಾಗೆ ಮಾತ್ರ ಈ ಶುಚಿತ್ವ ಕಾಣುತ್ತಿರಲಿಲ್ಲ.

"ನಿಲ್ಲು ಅಲ್ಲೇ! ಆ ಅಂಗಿ ಹೊಸಲು ದಾಟಕೂಡದು."

"ಬರೀ ಒಂದು ಹುಲ್ಲುಹಾವು ಕಣೇ. ತಗಡಿನ ಕೆಳಗಿತ್ತು, ಎತ್ತಿ ನೋಡಿದೆ."

"ಮೂವತ್ನಾಲ್ಕು ವರ್ಷ ಊರೋರ ಹೇಲಿನ ವಾಸನೆ ಸಹಿಸ್ಕೊಂಡೆ. ಪೆನ್ಷನ್ ಬಂದ್ಮೇಲಾದ್ರೂ ಮನುಷ್ಯನ ವಾಸನೆ ಬರತ್ತೆ ಅಂದ್ಕೊಂಡಿದ್ದೆ. ಈಗ ಹಾವಿಂದು ತಂದಿದ್ದೀಯ!"

"ಅದು ಹೇಲಲ್ಲ. ಹೆದರಿದಾಗ ಬಿಡೋ ರಸ. ಕೊಳೆತ ಮೀನಿಗೆ ಬೆಳ್ಳುಳ್ಳಿ ಅರೆದು ಹಾಕಿದ್ರೆ ಹೇಗಿರತ್ತೆ, ಹಾಗೆ."

"ನಂಗೆ ಅಡುಗೆ ಹೇಳ್ಕೊಡಬೇಡ. ಬಿಚ್ಚು."

ಆ ಸೀಮೆಯಲ್ಲಿ ಹೀಗೆ ಹಾವು ಕಪ್ಪೆಗಳನ್ನು ಎಣಿಸುವವರು ಹತ್ತು ಹನ್ನೆರಡು ಜನರಿದ್ದಾರೆ. ವರ್ಷಕ್ಕೊಮ್ಮೆ ಸೇರಿ, ಕೇಕು ತಿಂದು, ತಾವು ಕಂಡ ಸಂಖ್ಯೆಯನ್ನು ಹೇಳುತ್ತಾರೆ; ಸ್ಥಳವನ್ನು ಮಾತ್ರ ಹೇಳುವುದಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ. ಎಲ್ಲಿಯೂ ಬರೆದಿಡದ ಈ ಕಟ್ಟಳೆಯನ್ನು ಮುರಿದವನನ್ನು ಯಾರೂ ದಂಡಿಸುವುದಿಲ್ಲ; ಮರುವರ್ಷ ಅವನ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಬಯಲಿನ ಕಾವಲಿನವಳು, ಬ್ರಯನಿ ಲೆಗ್ ಎಂಬ ಮೂವತ್ತರ ಹೆಣ್ಣುಮಗಳು, ಮರ್ವಿನ್ನನ ಬಳಿ ಈ ವಿದ್ಯೆಯನ್ನು ಕಲಿತವಳು. ಮೊದಲ ದಿನವೇ ಅವನು ಅವಳಿಗೆ ಹೇಳಿದ್ದನು: "ನೋಡಮ್ಮ, ಹಾವಿಗೆ ವಿಷ ಇರೋದು ಅದರ ಹಲ್ಲಲ್ಲಿ. ನಮಗೆ ಇರೋದು ನಾಲಿಗೇಲಿ."

ಇಂಥವನೇ ನಾಲಿಗೆ ಸಡಿಲಿಸಿದನು.

ರೂಪರ್ಟ್ ಥೇನ್ ಎಂಬ ಛಾಯಾಗ್ರಾಹಕನು ಇದು ನಡೆದ ವರ್ಷದ ಹಿಂದಿನ ಶರತ್ಕಾಲದಲ್ಲಿ ನಮ್ಮೂರಿನ ಹಳೆಯ ಗಿರಣಿಮನೆಯನ್ನು ಕೊಂಡು ಬಂದವನು. ನಯವಾದ ಮಾತು, ನೆರೆತ ಗಡ್ಡ, ಮೊಣಕೈಗೆ ತೊಗಲು ಹೊಲಿದ ಕೋಟು. ಗ್ರಾಮದ ಸಭಾಮಂದಿರದಲ್ಲಿ 'ಜೀವಿಗಳಲ್ಲಿ ಮಾರ್ದವ' ಎಂಬ ವಿಷಯದ ಮೇಲೆ ಭಾಷಣ ಮಾಡಿ ಹೆಂಗಸರ ಕಣ್ಣೊದ್ದೆ ಮಾಡಿದ್ದನು. ಮಾರ್ಚ್ ಕೊನೆಯ ಒಂದು ಬೆಳಗ್ಗೆ ಬಯಲಿನ ಕೊಳದ ಬಳಿ ಅವನು ಮರ್ವಿನ್ನನಿಗೆ ಎದುರಾದನು. ಕೊಳದಂಚಿನಲ್ಲಿ ಕಪ್ಪೆಮೊಟ್ಟೆಯ ಲೋಳೆ ತೇಲುತ್ತಿತ್ತು. ಹಾವುಗಳು ಬೆಚ್ಚಗೆ ಅಡಗಲೆಂದು ತಾನು ಹುಲ್ಲಿನ ಮೇಲೆ ಹಾಸಿದ್ದ ತಗಡೊಂದನ್ನು ಮರ್ವಿನ್ ಎತ್ತಿ, ಅಡಿಯಲ್ಲಿದ್ದ ವಿಷವಿಲ್ಲದ ಹುಲ್ಲುಹಾವನ್ನು ಹಿಡಿದುಕೊಂಡಿದ್ದನು. ಹಾವು ಮೊದಲು ತನ್ನ ದುರ್ಗಂಧದ ರಸವನ್ನು ಅವನ ಅಂಗೈ ತುಂಬ ಸುರಿಸಿತು. ಅನಂತರ ಹೊಟ್ಟೆ ಮೇಲೆ ಮಾಡಿ, ಬಾಯಿ ತೆರೆದು, ನಾಲಿಗೆ ಜೋಲಿಸಿ ಸತ್ತಂತೆ ಬಿದ್ದುಕೊಂಡಿತು.

"ಅಬ್ಬಾ, ಎಂಥಾ ನಟ!" ಎಂದು ಥೇನ್ ಹತ್ತಿರ ಬಂದು ಕೈ ಚಾಚಿದನು. "ರೂಪರ್ಟ್ ಥೇನ್. ನೀವು ಸ್ಟಿಕ್ಲಂಡ್ ಅವರಲ್ವಾ?"

"ಕೈ ಬೇಡಿ ಸಾರ್. ಇದು ಹತ್ತಿದ್ರೆ ನಾಲ್ಕು ದಿನ ಹೋಗಲ್ಲ."

"ನಾಲ್ಕು ದಿನ ನಿಮ್ಮ ನೆನಪಿರತ್ತೆ, ಒಳ್ಳೇದೇ ಆಯ್ತಲ್ಲ" ಎಂದು ಅವನು ಆ ಲೋಳೆಗೈಯನ್ನೇ ಹಿಡಿದು ಕುಲುಕಿದನು.

ಎಪ್ಪತ್ತು ವರ್ಷಗಳಲ್ಲಿ ಕೋಟು ತೊಟ್ಟವನೊಬ್ಬನು ಮರ್ವಿನ್ನನ ಕೈಯನ್ನು ಹೀಗೆ ಹಿಡಿದದ್ದು ಅದೇ ಮೊದಲು. ಅಂದು ಮಧ್ಯಾಹ್ನವೇ ಥೇನ್ ಮರ್ವಿನ್ನನ ಅಡುಗೆಮನೆಯಲ್ಲಿ ಕುಳಿತು, ಆ ಮನೆಯವರದೇ ಬಟ್ಟಲಿನಲ್ಲಿ ಚಹಾ ಕುಡಿದು, ಗ್ವೆಂಡಾಳ ಒಣದ್ರಾಕ್ಷಿಯ ಬನ್ನುಗಳನ್ನು ಹೊಗಳಿ ಹೋದನು.

"ಎಷ್ಟು ದೊಡ್ಡ ಮನಸ್ಸು ನೋಡಿದ್ಯಾ?" ಎಂದನು ಮರ್ವಿನ್.

"ನೋಡಿದೆ. ಆ ನಾತದ ಕೈಯಲ್ಲೇ ಬನ್ ತಿಂದ, ಮುಖ ಕಿವುಚಲಿಲ್ಲ. ಮೂಗು ಅನ್ನೋದು ಇದೆಯೋ ಇಲ್ವೋ ಆ ಮನುಷ್ಯನಿಗೆ" ಎಂದಳು ಗ್ವೆಂಡಾ.

ಆ ಮಾತಿನಲ್ಲಿದ್ದ ಎಚ್ಚರಿಕೆಯನ್ನು ನಾವಾರೂ ಗ್ರಹಿಸಲಿಲ್ಲ. ಹೇಸದಿರುವುದೇ ದೊಡ್ಡ ಗುಣವೆಂದು ನಂಬಿದ್ದೆವು. ನಮ್ಮ ಪೂರ್ವಿಕರು ಜುಗುಪ್ಸೆಯನ್ನೂ ಸ್ಥಾಯಿಭಾವಗಳಲ್ಲಿ ಒಂದೆಂದು ಎಣಿಸಿದ್ದು ಸುಮ್ಮನಲ್ಲ. ಕೊಳಕಿಗೆ ಹೇಸದವನು ದೊಡ್ಡವನಿರಬಹುದು. ತಾನು ಮಾಡುವ ಕೊಳಕಿಗೂ ಹೇಸದವನು ಬೇರೆಯೇ ಜಾತಿಯ ಪ್ರಾಣಿ.

ಏಪ್ರಿಲ್ ಮೂರರ ಬೆಳಗ್ಗೆ ಮರ್ವಿನ್ ಅವನನ್ನು ದಿಬ್ಬಕ್ಕೆ ಕರೆದೊಯ್ದನು. ಕ್ಯಾಮೆರಾ ತರಕೂಡದು, ಯಾರಿಗೂ ಹೇಳಕೂಡದು ಎಂದು ಮಾತು ತೆಗೆದುಕೊಂಡನು. ಥೇನ್ ಬರಿಗೈಯಲ್ಲಿ ಬಂದನು. ಸೂರ್ಯನಿಗೆ ಮುಖಮಾಡಿ ನಿಂತನು. ಹನ್ನೊಂದು ಹಾವುಗಳ ಹೆಸರನ್ನೂ ಒಂದೊಂದಾಗಿ ಕೇಳಿ ತಿಳಿದನು. 'ಹಳೆಯ ಗಿರಣಿಯವನು' ಎಂದಾಗ, "ಅಂದ್ರೆ ನಾನೇ!" ಎಂದು ಬಾಯಿಗೆ ಕೈ ಅಡ್ಡವಿಟ್ಟು ನಕ್ಕನು. ಹೆಂಡತಿಗೂ ಹೇಳದ ಹೆಸರುಗಳನ್ನು ಒಬ್ಬರ ಮುಂದೆ ಹೇಳುವ ಸುಖಕ್ಕೆ ಮರ್ವಿನ್ ಸೋತನು. ಪಾದ್ರಿಮನೆಯಮ್ಮ ಅಂದು ಆಗತಾನೆ ಹೊರಬಂದು ಮೈಗೆ ಮಣ್ಣು ಮೆತ್ತಿಕೊಂಡೇ ಮಲಗಿದ್ದಳು. "ಇವಳು ಎರಡು ವರ್ಷಕ್ಕೊಂದ್ಸಲ ಮರಿ ಹಾಕ್ತಾಳೆ ಸಾರ್. ಈ ವರ್ಷ ಅವಳ ಸರದಿ" ಎಂದು ಅವನು ಮಗಳ ಬಸಿರನ್ನು ಹೇಳುವವನಂತೆ ಹೇಳಿದನು.

ಒಂಬತ್ತು ದಿನಗಳಲ್ಲಿ ದಿಬ್ಬವು ಹಾಳಾಯಿತು. ಮೊದಲು ಗಾರ್ಸ್ ಪೊದೆಯ ಕೊಂಬೆಗಳು ಕತ್ತರಿಯಿಂದ ಕತ್ತರಿಸಿದಂತೆ ಕಾಣೆಯಾದವು. ಚಿತ್ರಕ್ಕೆ ಅಡ್ಡ ಬರುತ್ತಿದ್ದವಂತೆ. ಆಮೇಲೆ ಪಾಚಿಯ ಮೇಲೆ ಮೊಣಕೈಗಳ ಹಳ್ಳಗಳು ಕಂಡವು. ಒಂದು ಬೆಳಗ್ಗೆ ರಸ್ತೆಯ ಪಕ್ಕದಲ್ಲಿ ಐದು ಕಾರುಗಳು ನಿಂತಿದ್ದವು. ದಿಬ್ಬದ ಮೇಲೆ ನಾಲ್ವರು ಹಂದಿಗಳಂತೆ ಹೊಟ್ಟೆಯ ಮೇಲೆ ಹೊರಳುತ್ತಿದ್ದರು. ಒಬ್ಬನು ಕಬ್ಬಿಣದ ಕೊಕ್ಕೆಯಿಂದ ಅಂಚೆಯವನನ್ನು ಬಿಲದಿಂದ ಎಳೆದು, "ತಲೆ ಈ ಕಡೆ ತಿರುಗ್ಸೋ, ಬೆಳಕು ಬೀಳ್ಲಿ" ಎನ್ನುತ್ತಿದ್ದನು. ಇನ್ನೊಬ್ಬನು ಅಲ್ಲಿಯೇ ಕುಳಿತು ಮೊಟ್ಟೆಯ ಸ್ಯಾಂಡ್‌ವಿಚ್ ತಿಂದು, ಎಣ್ಣೆಗೈಯನ್ನು ಹೆದರ್ ಎಂಬ ಕುರುಚಲು ಗಿಡಗಳಿಗೆ ಒರೆಸಿದನು.

"ಯಾರ್ರೀ ನಿಮಗೆ ಈ ಜಾಗ ಹೇಳಿದ್ದು?" ಎಂದು ಮರ್ವಿನ್ ಕೇಳಿದನು.

"ಥೇನ್ ಅವರ ಬಳಗ ನಾವು. ನಕ್ಷೆ ಕಳ್ಸಿದ್ರಲ್ಲ. ತಾತ, ಸ್ವಲ್ಪ ಪಕ್ಕಕ್ಕೆ, ನಿಮ್ಮ ನೆರಳು ಬೀಳ್ತಿದೆ."

ಹನ್ನೊಂದಿದ್ದ ಹಾವುಗಳು ಆ ದಿನ ಮೂರಾಗಿದ್ದವು. ಪಾದ್ರಿಮನೆಯಮ್ಮ ಅವಳ ಪಾಚಿಯ ಮೇಲಿರಲಿಲ್ಲ.

ಮರುದಿನ ಎಂಟೂವರೆಗೆಲ್ಲ ಮರ್ವಿನ್ ಮತ್ತೆ ಹೋದನು. ಥೇನ್ ಒಬ್ಬನೇ ಇದ್ದನು. ಬೇರೆಲ್ಲಿಂದಲೋ ಹೊತ್ತು ತಂದ ಪಾಚಿಗಟ್ಟಿದ ಮರದ ತುಂಡೊಂದನ್ನು ದಿಬ್ಬದ ನೆತ್ತಿಯ ಮೇಲಿಟ್ಟಿದ್ದನು. ಅದರ ಸುತ್ತ ಕಾಡುಹೂಗಳನ್ನು ಕಿತ್ತು ಚುಚ್ಚಿದ್ದನು. ಕಾಲ ಬಳಿ ನೀಲಿಯ ಐಸ್ ಪೆಟ್ಟಿಗೆ ತೆರೆದಿತ್ತು. ಮರದ ತುಂಡಿನ ಮೇಲೆ ಪಾದ್ರಿಮನೆಯಮ್ಮ ಸುರುಳಿ ಸುತ್ತಿ, ತಲೆಯನ್ನು ಅಂದವಾಗಿ ಮೇಲಿಟ್ಟು ಕುಳಿತಿದ್ದಳು. ಕಣ್ಣುಗಳ ಮೇಲೆ ನೀರಿನ ಹನಿಗಳಿದ್ದವು.

"ಓ, ಸ್ಟಿಕ್ಲಂಡ್ ಅವರೇ! ಒಳ್ಳೇ ಹೊತ್ತಿಗೆ ಬಂದ್ರಿ. ನೋಡಿ, ನಿಮ್ಮಮ್ಮ ಎಷ್ಟು ಚೆನ್ನಾಗಿ ಕೂತಿದ್ದಾಳೆ!"

"ಅವಳು ಕೂತಿಲ್ಲ."

"ಸ್ವಲ್ಪ ತಣ್ಣಗೆ ಮಾಡಿದೀನಿ ಅಷ್ಟೆ. ಇಲ್ದಿದ್ರೆ ಓಡಿಹೋಗತ್ತಲ್ಲ. ಎಲ್ಲರೂ ಮಾಡ್ತಾರೆ. ನೋವೇನಾಗಲ್ಲ ಅವಕ್ಕೆ."

"ಎಷ್ಟು ಹೊತ್ತಿಂದ?"

"ಮೊನ್ನೆ ಸಾಯಂಕಾಲದಿಂದ. ನಮ್ಮ ಫ್ರಿಜ್ಜಲ್ಲೇ ಇತ್ತು. ಗಾಬರಿಯಾಗ್ಬೇಡಿ, ಡಬ್ಬಿ ಮುಚ್ಚಳ ಭದ್ರವಾಗಿತ್ತು, ಬೆಣ್ಣೆ ಪಕ್ಕದಲ್ಲೇ ಇಟ್ಟಿದ್ದೆ" ಎಂದು ಥೇನ್ ಮುಗುಳ್ನಕ್ಕನು.

ಮೂವತ್ತನಾಲ್ಕು ವರ್ಷಗಳ ಕಾಲ ಯಾವ ಗುಂಡಿಯ ಮುಂದೆಯೂ ಓಕರಿಸದ ಮರ್ವಿನ್ ಸ್ಟಿಕ್ಲಂಡನು ಆ ಕ್ಷಣ ಪಕ್ಕಕ್ಕೆ ಬಾಗಿ ವಾಂತಿ ಮಾಡಿದನು. ಬೆಳಗಿನ ಚಹಾ, ಗಂಜಿ ಎಲ್ಲವೂ ಹೋದವು. ಥೇನ್ ಅಯ್ಯೋ ಎನ್ನುತ್ತ ಬಿಳಿಯ ಕರವಸ್ತ್ರವನ್ನು ಮುಂದೆ ಚಾಚಿದನು; ಆಗಲೂ ಅವನ ಮುಖದಲ್ಲಿ ಒಂದಿಷ್ಟಾದರೂ ಅಸಹ್ಯ ಕಾಣಲಿಲ್ಲ. ಆ ಕರವಸ್ತ್ರವನ್ನು ಮರ್ವಿನ್ ಮುಟ್ಟಲಿಲ್ಲ. ತನ್ನ ಟೋಪಿಯನ್ನು ಹಾವಿನ ಅಡಿಗೆ ಜಾರಿಸಿ, ಅವಳನ್ನು ಎತ್ತಿಕೊಂಡು, ಬಿಸಿಲು ಬೀಳುವ ಹಳೆಯ ಎಡೆಯಲ್ಲಿ ಇಳಿಸಿದನು.

"ಇನ್ನೊಂದೈದು ನಿಮಿಷ ಬಿಟ್ಟಿದ್ರೆ ಮುಗೀತಿತ್ತು ನಂದು" ಎಂದು ಥೇನ್ ಬೇಸರದಿಂದ ನುಡಿದು, ಪೆಟ್ಟಿಗೆಯನ್ನು ಮುಚ್ಚಿಕೊಂಡು ಹೊರಟುಹೋದನು.

ಮರ್ವಿನ್ ಬ್ರಯನಿಗೆ ಫೋನ್ ಮಾಡಿದನು. ಸ್ಥಳವನ್ನು ತೋರಿಸಿದವನು ತಾನೇ ಎಂಬುದನ್ನೂ ಮುಚ್ಚಿಡದೆ ಹೇಳಿದನು.

"ಸತ್ತಿದ್ದಾಳಾ?" ಎಂದಳು ಅವಳು.

"ಗೊತ್ತಾಗ್ತಿಲ್ಲ. ಅಲುಗಾಡ್ತಿಲ್ಲ."

"ಮರ್ವಿನ್, ಸರಿಯಾಗಿ ಕೇಳಿಸ್ಕೊಳ್ಳಿ. ಆಡರ್ ಮುಟ್ಟಿದ್ದಕ್ಕೆ, ಎತ್ಕೊಂಡು ಹೋಗಿದ್ದಕ್ಕೆ ಕಾನೂನಿಲ್ಲ. ಕೊಂದ್ರೆ, ಗಾಯ ಮಾಡಿದ್ರೆ ಇದೆ. ಅವಳು ಸತ್ರೆ ಅವನನ್ನ ಕೋರ್ಟಿಗೆ ಎಳೀಬಹುದು. ಬದುಕಿದ್ರೆ ಏನೂ ಮಾಡಕ್ಕಾಗಲ್ಲ. ಕಾದು ನೋಡಿ ಹೇಳಿ."

ಅವನು ಎರಡು ಗಂಟೆ ಕಾದನು. ಆ ಎರಡು ಗಂಟೆಗಳ ವಿಷಯವನ್ನು ಅವನು ನನಗೆ ಹೇಳಿದುದು ಬಹಳ ದಿನಗಳ ಮೇಲೆ, ನಮ್ಮ ಹಿತ್ತಲಿನ ಬೇಲಿಗೆ ಒರಗಿ, ನನ್ನ ಮುಖ ನೋಡದೆ. "ಸಾಯಲಿ ಅಂದ್ಕೊಂಡೆ" ಎಂದನು. "ಮೊದಲು ಅರ್ಧ ಗಂಟೆ ಬದುಕಲಿ ಅಂತಿದ್ದೆ. ಆಮೇಲೆ ಅವನ ಮುಖ ನೆನಪಾಯ್ತು, ಆ ಕರವಸ್ತ್ರ ನೆನಪಾಯ್ತು. ಸಾಯಲಿ, ಇವಳೊಬ್ಬಳು ಸತ್ರೆ ಅವನು ಸಿಕ್ಕಿಬೀಳ್ತಾನಲ್ಲ ಅಂತ ಬೇಡ್ಕೊಂಡೆ. ನಾನು ಚರ್ಚಿಗೆ ಹೋಗೋನಲ್ಲ. ಅವತ್ತು ಕೈ ಜೋಡಿಸಿ ಬೇಡ್ಕೊಂಡೆ, ನೋಡಿ. ಹದಿನೆಂಟು ವರ್ಷ ನೋಡಿದ ಜೀವ. ಅವಳ ಹೊಟ್ಟೇಲಿ ಮರಿಗಳು ಬೇರೆ ಆಗೋದಿತ್ತು. ಎಷ್ಟೋ ಗುಂಡಿ ಬಗ್ಗಿ ನೋಡಿದೀನಿ ನಾನು. ಅವತ್ತು ನನ್ನೊಳಗೆ ಕಂಡಿದ್ದರ ಹಾಗೆ ನಾರಿದ್ದು ಯಾವುದೂ ಇಲ್ಲ."

ಹನ್ನೊಂದರ ಸುಮಾರಿಗೆ ಹಾವಿನ ನಾಲಿಗೆ ಒಮ್ಮೆ ಹೊರಬಂದಿತು. ಮತ್ತೊಮ್ಮೆ ಬಂದಿತು. ಅನಂತರ ಪಾದ್ರಿಮನೆಯಮ್ಮ ಮುದುಕಿಯಂತೆ ಮೆಲ್ಲಮೆಲ್ಲನೆ ಮೈಯನ್ನೆಳೆದುಕೊಂಡು, ಕತ್ತರಿಸಿ ಉಳಿದ ಪೊದೆಯ ಬುಡದೊಳಗೆ ಮರೆಯಾದಳು. ಅವನು ಬ್ರಯನಿಗೆ, "ಬದುಕಿದಳು" ಎಂದಷ್ಟೇ ಹೇಳಿದನು. ಒಂದು ಸುಳ್ಳು ಹೇಳಿ, ಎಲ್ಲಿಂದಾದರೂ ಒಂದು ಸತ್ತ ಹಾವನ್ನು ತಂದು ತೋರಿಸಬಹುದಾಗಿತ್ತು. ಅದು ತನ್ನ ಮನಸ್ಸಿಗೆ ಬಂದಿತ್ತೆಂದೂ ಅವನು ಹೇಳಿದನು.

ಮೇ ತಿಂಗಳಲ್ಲಿ ಸಭಾಮಂದಿರದ ಛಾವಣಿಯ ದುರಸ್ತಿಯ ಸಹಾಯಾರ್ಥವಾಗಿ ಥೇನ್ ತನ್ನ ಚಿತ್ರಗಳನ್ನು ತೋರಿಸಿದನು. ಊರೆಲ್ಲ ಸೇರಿತ್ತು. ಮಂದಿರದ ಅಧ್ಯಕ್ಷೆ ಆಲಿವ್ ಪಿಟ್‌ಫೀಲ್ಡ್ ಮುಂದಿನ ಸಾಲಿನಲ್ಲಿದ್ದರು. ಪರದೆಯ ಮೇಲೆ ಪಾಚಿಗಟ್ಟಿದ ಮರದ ತುಂಡು, ಸುತ್ತ ಹೂವುಗಳು, ನಡುವೆ ಕಣ್ಣಮೇಲೆ ಹನಿಗಳಿದ್ದ ಪಾದ್ರಿಮನೆಯಮ್ಮ ಮೂಡಿದಾಗ ಸಭೆಯು ಒಂದೇ ಉಸಿರಿನಲ್ಲಿ 'ಆಹಾ' ಎಂದಿತು. "ಮುಂಜಾವಿನ ಇಬ್ಬನಿಯಲ್ಲಿ ಧ್ಯಾನಸ್ಥೆ" ಎಂದನು ಥೇನ್.

ಹಿಂದಿನ ಸಾಲಿನಿಂದ ಮರ್ವಿನ್ ಎದ್ದು ನಿಂತನು.

"ಮರ್ವಿನ್, ಪ್ರಶ್ನೆಗಳು ಕೊನೇಲಿ" ಎಂದರು ಪಿಟ್‌ಫೀಲ್ಡ್.

"ಇದು ಪ್ರಶ್ನೆ ಅಲ್ಲಮ್ಮ. ಆ ಹಾವು ಧ್ಯಾನ ಮಾಡ್ತಿಲ್ಲ. ಮರಗಟ್ಟಿದೆ. ಎರಡು ರಾತ್ರಿ ಇವರ ಫ್ರಿಜ್ಜಲ್ಲಿತ್ತು, ಬೆಣ್ಣೆ ಪಕ್ಕದಲ್ಲಿ. ಆ ಹನಿ ಇಬ್ಬನಿ ಅಲ್ಲ, ಫ್ರಿಜ್ಜಿನ ತೇವ. ಅದಿರೋ ಜಾಗ ಇವರಿಗೆ ತೋರಿಸಿದೋನು ನಾನು. ಅದನ್ನೂ ಹೇಳ್ಬೇಕಿತ್ತು, ಹೇಳಿದೀನಿ."

ಸಭೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಲಜ್ಜೆ ಹುಟ್ಟುತ್ತಿದೆಯೆಂದು ನಾನು ಭಾವಿಸಿದೆನು. ಅಷ್ಟರಲ್ಲಿ ಎಡಭಾಗದಿಂದ ಒಂದು ಹೆಣ್ಣುದನಿ ಕೇಳಿಸಿತು: "ಬೆಣ್ಣೆ ಪಕ್ಕದಲ್ಲಾ?"

"ಈಸ್ಟರ್‌ಗೆ ಅವರ ಮನೇಲಿ ಟೋಸ್ಟ್ ತಿಂದ್ವಲ್ಲೇ!"

"ಥೂ, ಬೆಣ್ಣೆ ಬೇರೆ ದಪ್ಪಗೆ ಹಚ್ಚಿಸ್ಕೊಂಡೆ ನಾನು!"

ಕುರ್ಚಿಗಳು ಕಿರುಗುಟ್ಟಿದವು, ಒಬ್ಬಾಕೆ ಬಾಯಿಗೆ ಕೈಯಿಟ್ಟುಕೊಂಡು ಹೊರಗೆ ಹೋದಳು. ಆ ದಿನದಿಂದ ಥೇನನ ಮನೆಯಲ್ಲಿ ಊರಿನ ಯಾರೂ ತುತ್ತು ತಿನ್ನಲಿಲ್ಲ. ಅವನಿಗೆ ಶಿಕ್ಷೆಯಾಯಿತೆಂದು ಊರು ತೃಪ್ತಿಪಟ್ಟುಕೊಂಡಿತು. ಆದರೆ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಮಂದಿರದ ಗೋಡೆಗೆ ತೂಗುಹಾಕಿದ್ದಾರೆ. ಅದರಡಿಯಲ್ಲಿ ಚಹಾ ಕುಡಿಯುತ್ತಾರೆ. ದೇವರು ಕೊಟ್ಟ ಹೇಸಿಗೆಯೆಂಬ ಕಾವಲುನಾಯಿಯನ್ನು ಬೆಣ್ಣೆಯ ಡಬ್ಬಿಯ ಬಾಗಿಲಿನಲ್ಲಿ ಕಟ್ಟಿ, ಆತ್ಮದ ಬಾಗಿಲನ್ನು ಹಾರು ಹೊಡೆದಿಟ್ಟ ಈ ಜನರ ನಡುವೆ ನಾನೂ ಒಬ್ಬನು. ಆ ಗೋಡೆಯ ಕಡೆಗೆ ಬೆನ್ನು ಮಾಡಿ ಕುಳಿತುಕೊಳ್ಳುವುದಕ್ಕಿಂತ ಹೆಚ್ಚಿನದನ್ನು ನಾನೂ ಮಾಡಿದವನಲ್ಲ.

ದಿಬ್ಬಕ್ಕೆ ಬರುವವರು ನಿಲ್ಲಲಿಲ್ಲ. ನಕ್ಷೆ ಕೈಯಿಂದ ಕೈಗೆ ಹರಡಿತ್ತು. ಜೂನ್ ಮೊದಲ ವಾರದಲ್ಲಿ ಬ್ರಯನಿ ಮರ್ವಿನ್ನನ ಮನೆಗೆ ಬಂದಳು. ಟೋಪಿ ತೆಗೆಯಲಿಲ್ಲ, ಕೂರಲೂ ಇಲ್ಲ.

"ಅವರು ನಕ್ಷೆ ನೋಡ್ಕೊಂಡು ರಸ್ತೆವರೆಗೆ ಬರ್ತಾರೆ. ಅಲ್ಲಿಂದ ಮುಂದಕ್ಕೆ ಯಾವುದನ್ನ ನೋಡ್ಕೊಂಡು ಬರ್ತಾರೆ ಗೊತ್ತಾ ನಿಮಗೆ?"

"ಗೊತ್ತು" ಎಂದನು ಮರ್ವಿನ್. "ನನ್ನ ದಾರಿ."

ಇಪ್ಪತ್ತಮೂರು ವಸಂತಗಳ ಕಾಲ ಒಂದೇ ಜೋಡಿ ಕಾಲು ತುಳಿದು ಮಾಡಿದ ಕಾಲುದಾರಿಯದು. ಹೆದರ್ ಗಿಡಗಳ ನಡುವೆ ಬೈತಲೆಯಂತೆ ನೇರವಾಗಿ ದಿಬ್ಬದ ಬುಡಕ್ಕೆ ಹೋಗಿ ನಿಲ್ಲುತ್ತದೆ.

"ರಸ್ತೆ ಕಡೆ ಮುಳ್ಳು ಕಡಿದು ಒಟ್ಟಿಸ್ತೀನಿ. ಸ್ವಲ್ಪ ದೂರಕ್ಕೆ ಬೇರೆ ದಾರಿ ಮಾಡಿ ಕೊಳದ ಕಡೆ ತಿರುಗಿಸ್ತೀನಿ. ಆದ್ರೆ ಆ ದಾರಿ ಮುಚ್ಚಿಹೋಗ್ಬೇಕು. ಒಬ್ಬರೂ ಕಾಲಿಡಬಾರ್ದು. ನೀವೂ."

"ಎಷ್ಟು ದಿನ?"

"ಹೆದರ್ ಬೆಳೆಯೋದು ನಿಧಾನ. ಆರು ವರ್ಷ. ಏಳಾಗಬಹುದು."

ಒಲೆಯ ಮುಂದೆ ನಿಂತಿದ್ದ ಗ್ವೆಂಡಾ ಸೌಟನ್ನು ಕೆಳಗಿಟ್ಟಳು. "ಅವನಿಗೆ ಎಪ್ಪತ್ತೊಂದು ಕಣಮ್ಮ" ಎಂದಳು.

"ಗೊತ್ತು ಗ್ವೆಂಡಾ."

"ಹಾವು ಅಂದ್ರೆ ಮೈಯೆಲ್ಲ ಮುಳ್ಳಾಗತ್ತೆ ನಂಗೆ. ಅವುಗಳ ಸುದ್ದೀನೇ ಬೇಡ ಅಂತ ಜೀವಮಾನವೆಲ್ಲ ಬಡ್ಕೊಂಡೋಳು ನಾನು. ಆದ್ರೂ ಇದು ದೊಡ್ಡ ಶಿಕ್ಷೆ."

"ಶಿಕ್ಷೆ ಅಲ್ಲ ಕಣೇ, ಅದು ಕೆಲಸ" ಎಂದನು ಮರ್ವಿನ್. ಕಪಾಟಿನಿಂದ ಏಳು ಪುಸ್ತಕಗಳನ್ನು ತೆಗೆದು ಬ್ರಯನಿಯ ಕೈಗೆ ಕೊಟ್ಟನು. ನೆತ್ತಿಯ ಗುರುತುಗಳು, ಮನೆಗಳ ಹೆಸರುಗಳು ಎಲ್ಲವೂ ಅವುಗಳಲ್ಲಿದ್ದವು. "ಆಚೆ ಕಡೆ ಪೈನ್ ಮರಗಳ ಸಂದಿಯಿಂದ, ದುರ್ಬೀನಲ್ಲಿ ನೋಡು. ಹತ್ರ ಹೋಗಬೇಡ. ಹತ್ತು ಗಂಟೆ ಆದ್ಮೇಲೆ ನೋಡಿ ಪ್ರಯೋಜನವಿಲ್ಲ, ಬಿಸಿಲು ಬಲಿತ್ರೆ ಒಳಗೆ ಹೋಗ್ಬಿಡ್ತಾರೆ" ಎಂದು ಹೇಳಿ, ಕೈ ತೊಳೆಯಲು ಹೋದನು.

ಚಳಿಗಾಲ ಕಳೆಯಿತು. ಹಾವು ಎಣಿಸುವವರ ಫೆಬ್ರವರಿಯ ಸಭೆಗೆ ಅವನು ಹೋಗಲಿಲ್ಲ. ತನ್ನ ಪಕ್ಕದ ಕುರ್ಚಿಯನ್ನು ಖಾಲಿ ಬಿಡುವ ಮುಜುಗರವನ್ನು ಇತರರಿಗೆ ಕೊಡುವುದು ಬೇಡವೆಂದನು. ಬಿಸಿಲು ಬಿದ್ದ ಬೆಳಗುಗಳಲ್ಲಿ ಅವನು ಹಿತ್ತಲಿನ ಬಾಗಿಲಲ್ಲಿ ನಿಂತು ಗಾಳಿಯನ್ನು ಮೂಸುವುದನ್ನು ನಾನು ನಮ್ಮ ಕಿಟಕಿಯಿಂದ ಕಂಡಿದ್ದೇನೆ. ಗಂಡುಗಳು ಹೊರಬರುವ ದಿನ, ಪೊರೆ ಬಿಡುವ ದಿನ, ಹೆಣ್ಣುಗಳ ದಿನ, ಒಂದೊಂದೂ ಅವನ ಮೈಗೆ ಗೊತ್ತಾಗುತ್ತಿತ್ತು. ಅವನು ಒಳಗೆ ಹೋಗಿ ಗ್ವೆಂಡಾಳಿಗೆ ಆಲೂಗಡ್ಡೆ ಸುಲಿದುಕೊಡುತ್ತಿದ್ದನು.

ಏಪ್ರಿಲ್ ಎರಡನೆಯ ವಾರ ಬ್ರಯನಿ ಬಂದಳು. ಈ ಸಲ ಟೋಪಿ ತೆಗೆದು ಕುಳಿತಳು. ನಾನೂ ಅಲ್ಲಿಯೇ ಇದ್ದೆನು.

"ಐದು" ಎಂದಳು. "ಮೂರು ಗಂಡು, ಎರಡು ಹೆಣ್ಣು. ಅಂಚೆಯವನು ಖಂಡಿತ ಇದಾನೆ. ಬೆಟ್ಟದ ಬಂಗಲೆಯವಳು ಇದಾಳೆ."

"ಇನ್ನೊಂದು ಹೆಣ್ಣು?"

"ದೊಡ್ಡದು. ಇಟ್ಟಿಗೆ ಬಣ್ಣ. ಆದ್ರೆ ನೆತ್ತಿ ಕಾಣಲಿಲ್ಲ ಮರ್ವಿನ್. ಅಷ್ಟು ದೂರದಿಂದ, ಪೊದೆ ಬೇರೆ ಚಿಗುರಿದೆ. ಮೂರು ಸಲ ಹೋದೆ. ಹೌದು ಅಂತ ಹೇಳಕ್ಕಾಗಲ್ಲ, ಇಲ್ಲ ಅಂತಲೂ ಹೇಳಕ್ಕಾಗಲ್ಲ."

ಮರ್ವಿನ್ನನ ಕೈ ಮೇಜಿನ ಮೇಲೆ ತಾನೇತಾನಾಗಿ ಆ ನೆತ್ತಿಯ ಗುರುತನ್ನು ಬೆರಳಿನಿಂದ ಬರೆಯಿತು. ಬ್ರಯನಿ ಅದನ್ನು ನೋಡಿದಳು.

"ನೀವಾದ್ರೆ ಒಂದು ಕ್ಷಣದಲ್ಲಿ ಹೇಳ್ತೀರ. ನಾಳೆ ನನ್ನ ಜೊತೆ ಬನ್ನಿ, ಒಂದೇ ಸಲ. ಯಾರಿಗೂ ಗೊತ್ತಾಗಲ್ಲ. ಆರು ಹೆಜ್ಜೆ ದೂರದಿಂದ ನೋಡಿ ಬಂದ್ಬಿಡಿ."

ಗ್ವೆಂಡಾ ತಿರುಗಿ ಗಂಡನ ಮುಖ ನೋಡಿದಳು. "ಹೋಗ್ಬಾರೋ" ಎಂದಳು. "ನಾನೇ ಹೇಳ್ತಿದೀನಿ."

ಆ ಮುಖದಲ್ಲಿ ಆಸೆ ಹೇಗೆ ಏರಿತೆಂಬುದನ್ನು, ಆ ಆಸೆಯನ್ನು ಕಂಡು ಅವನೇ ಹೇಗೆ ಹೇಸಿದನೆಂಬುದನ್ನು ನಾವು ಮೂವರೂ ನೋಡಿದೆವು.

"ದಾರಿ ಹೇಗಿದೆ ಈಗ?" ಎಂದು ಕೇಳಿದನು.

"ನಡುನಡುವೆ ಹುಲ್ಲು ಎದ್ದಿದೆ. ಒಂದ್ಕಡೆ ಹೆದರ್ ಸಸಿ ಬಂದಿದೆ, ಕಿರುಬೆರಳಷ್ಟು."

"ಹಾಗಾದ್ರೆ ನನ್ನ ಬೂಟು ಬೀಳೋದು ಅದರ ಮೇಲೇನೆ" ಎಂದನು ಮರ್ವಿನ್. "ಬೇಡ ಬ್ರಯನಿ. ಪುಸ್ತಕದಲ್ಲಿ 'ಹೆಣ್ಣು, ಗುರುತು ತಿಳಿಯಲಿಲ್ಲ' ಅಂತ ಬರಿ. ಗೊತ್ತಿಲ್ದೇ ಇದ್ದಿದ್ದನ್ನ ಗೊತ್ತು ಅಂತ ಬರೀಬೇಡ."

ಅವಳು ಹಾಗೆಯೇ ಬರೆದುಕೊಂಡಳು.